ತಂಬಿಗಿ ಹಿಡಿದು ಹಕ್ಕಿಗೆ ಹೋದಾಕಿ

ನಮ್ಮ ದೊಡ್ಡವ್ವನಷ್ಟು ಹೊಟ್ಟೆ ಕೆಟ್ಟ ಹೆಂಗಸು ಕಾಗಿಣಾ ಹೊಳೆಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ! ಇದು ನನ್ನ ಮಾತಲ್ಲ, ಇಡೀ ಊರಿನ ತೀರ್ಪು. ನಸುಕಿನಲ್ಲಿ ಓಣಿಯ ಹೆಂಗಸರ ಜೊತೆ ತಂಬಿಗಿ ಹಿಡಿದು ಬಯಲಕಡೆ ಹೋದಳೆಂದರೆ, ಉಳಿದವರು ಹೋಗಿ ಬಂದು, ಅಂಗಳ ಗುಡಿಸಿ, ಒಲೆ ಹೊತ್ತಿಸಿ, ರೊಟ್ಟಿ ಬಡಿಯಲು ಕುಳಿತರೂ ಇವಳ ಪತ್ತೆ ಇರುತ್ತಿರಲಿಲ್ಲ. ಬಿಸಿಲು ಚುರುಗುಡುವ ಹೊತ್ತಿಗೆ ಜಾಲಿ ಗಿಡಗಳ ಸಂದಿಯಿಂದ ನಿಧಾನಕ್ಕೆ, ಬೀಗರ ಮನೆಯಲ್ಲಿ ಉಂಡು ಬರುವವರ ಹಾಗೆ ಮುಖ ಅರಳಿಸಿಕೊಂಡು ಬರುತ್ತಿದ್ದಳು. ಒಂದು ಮನುಷ್ಯ ಜೀವಕ್ಕೆ ಅಷ್ಟು ಹೊತ್ತು ಅಲ್ಲಿ ಏನು ಕೆಲಸ ಇರುತ್ತದೆ ಹೇಳಿ?

ಊರು ಸುಮ್ಮನೆ ಕೂರುತ್ತದೆಯೇ? ಔಷಧ ಹೇಳಿತು. ಮಗ್ಗುಲ ಮನೆಯ ಮುದುಕಿ ಹರಳೆಣ್ಣೆ ಕೊಟ್ಟಳು. ಕಿರಾಣಿ ಅಂಗಡಿಯವನು ಕೇಳದೆಯೇ ಇಸಬಗೋಲದ ಪೊಟ್ಟಣ ಕಟ್ಟಿದ. ನನ್ನವ್ವನಂತೂ ನಳದ ಹತ್ತಿರ ಕೊಡ ಇಟ್ಟುಕೊಂಡು, "ನಮ್ಮಕ್ಕಗ ಮೂಲವ್ಯಾಧಿ ಅದ. ಹೇಳ್ಲಿಕ್ಕ ನಾಚತಾಳ, ಪಾಪ" ಎಂದು ಇಡೀ ಓಣಿಗೆ ಸಾರಿದಳು. ದೊಡ್ಡವ್ವ ಎಂದರೆ ನನ್ನಪ್ಪನ ಅಣ್ಣನ ಹೆಂಡತಿ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ನೆಗೆಣ್ಣಿಯರ ಪ್ರೀತಿ ಎಂದರೆ ಹೀಗೇ ಇರುತ್ತದೆ. ಶಹಾಬಾದಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಎಲ್ಲಾ ಬರೋಬರ್ ಅದ, ಯಾಕ ಬಂದೀರಿ?" ಎಂದರು, ಆದರೂ ಗುಳಿಗೆ ಬರೆದುಕೊಟ್ಟರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ! ದೊಡ್ಡವ್ವ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಎಲ್ಲರ ಔಷಧವನ್ನೂ ಕೈಯೊಡ್ಡಿ ತಗೊಂಡಳು. ಎಣ್ಣೆ ದೇವರ ದೀಪಕ್ಕೆ, ಇಸಬಗೋಲ ಕೋಳಿಗೆ. ಕೋಳಿಗಳ ಗತಿ ಏನಾಯಿತೆಂದು ದಯವಿಟ್ಟು ಕೇಳಬೇಡಿ.

ನನ್ನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಗಂಡಸರನ್ನೂ ಹಿಡಿದು ಹೇಳುತ್ತಿದ್ದೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ನಮ್ಮದು ಹೊಳೆದಂಡೆಯ ಜನ. ಮುತ್ಯಾನ ಕಾಲಕ್ಕೆ ಬಲೆ, ದೋಣಿ. ಅಪ್ಪನ ಕಾಲಕ್ಕೆ ಫರ್ಸಿ ಖಣಿಯಲ್ಲಿ ಕಲ್ಲು ಸೀಳುವ ಕೂಲಿ. ಎಲ್ಲೆಲ್ಲಿಯೋ ಇರುವವರ ಪಡಸಾಲೆಗೆ ನಮ್ಮ ಕಡೆಯ ಕಲ್ಲು ಹಾಸಿದೆ; ಅದನ್ನು ಸೀಳಿದವರ ಮನೆಗೆ ಸೆಗಣಿಯ ನೆಲ. ಅಂಥ ನೆಲದ ಮೇಲೆ ಕೂತು ಓದಿ, ವಾಡಿಯಿಂದ ಕಲಬುರಗಿಗೆ ಪ್ಯಾಸೆಂಜರ್ ಗಾಡಿಯ ಬಾಗಿಲಲ್ಲಿ ನಿಂತು ಹೋಗಿಬಂದು ಬಿ.ಎ. ಮುಗಿಸಿದೆ, ಆಮೇಲೆ ಬಿ.ಎಡ್. ಈಗ ನಮ್ಮೂರ ಶಾಲೆಯಲ್ಲೇ ಟೀಚರು. ಗಂಡನ ಮನೆ ವಾಡಿಯ ರೈಲ್ವೆ ಕ್ವಾರ್ಟರ್ಸು. ದಿನಾ ಟಂಟಂ ಆಟೋ ಹತ್ತಿ ಬಂದು ಹೋಗುತ್ತೇನೆ.

ಇಷ್ಟೆಲ್ಲ ಓದಿದ ನನಗೂ ದೊಡ್ಡವ್ವನ ಹೊಟ್ಟೆಯ ಗುಟ್ಟು ತಿಳಿಯಲು ಒಂದು ಸರ್ಕಾರಿ ಆದೇಶವೇ ಬರಬೇಕಾಯಿತು.

ಊರೂರಿಗೆ ಪಾಯಖಾನೆ ಕಟ್ಟಿಸುವ ಭರಾಟೆಯ ಕಾಲ ಅದು. ಬಯಲಕಡೆ ಹೋಗುವವರನ್ನು ನಸುಕಿನಲ್ಲೇ ಹಿಡಿದು ನಾಚಿಸಬೇಕು ಎಂದು ಚಿತ್ತಾಪುರದ ಮೀಟಿಂಗಿನಲ್ಲಿ ಯಾರಿಗೋ ಹೊಳೆಯಿತು. ಹಿಡಿಯುವವರು ಯಾರು? ಇನ್ಯಾರು! ದನ ಎಣಿಸಲು, ಜನ ಎಣಿಸಲು, ಓಟು ಹಾಕಿಸಲು ಇರುವ ಮಾಸ್ತರರೇ ಇದಕ್ಕೂ ಆದರು. ನಮ್ಮೂರ ತಂಡದಲ್ಲಿ ಹೆಡ್ ಮಾಸ್ತರು, ಪಂಚಾಯಿತಿಯ ಕರವಸೂಲಿಯವ, ಮತ್ತು ನಾನು. ಎಲ್ಲರ ಕೊರಳಿಗೂ ಒಂದೊಂದು ಸೀಟಿ.

ಮೊದಲನೇ ದಿನವೇ ತೊಡಕು ಬಂತು. ಹೆಂಗಸರ ಕಡೆ ಬಂದ ಕೂಡಲೇ ಹೆಡ್ ಮಾಸ್ತರು ಗಕ್ಕನೆ ನಿಂತರು.

"ಟೀಚರ್, ನಾ ಗಂಡಸು. ಆ ಕಡಿ ಹೆಂಗ ನೋಡ್ಲಿ?"

"ನೋಡದಿದ್ರ ಹೆಂಗ ಹಿಡೀತೀರಿ, ಸರ್?"

"ಅದಕ್ಕೇ ಅಲ್ಲ, ನಿಮ್ಮನ್ನ ತೊಗೊಂಡಿದ್ದು!"

ಕೊನೆಗೆ ಆದ ಏರ್ಪಾಡು ಇದು: ಗಂಡಸರಿಬ್ಬರೂ ಬೆನ್ನು ತಿರುಗಿಸಿ ನಿಂತು ಸೀಟಿ ಊದಬೇಕು, ನಾನು ಜಾಲಿ ಗಿಡದ ಒಳಗೆ ಹೋಗಿ ಹೆಸರು ತರಬೇಕು. ಡಿಗ್ರಿ ಓದಿದ್ದಕ್ಕೆ ಸಿಕ್ಕ ಕೆಲಸ ನೋಡಿ! ಸೀಟಿ ಮೊಳಗಿತು. ಗಿಡಗಳ ಹಿಂದಿನಿಂದ ತಂಬಿಗಿಗಳ ಸದ್ದು, ಬಳೆಗಳ ಸದ್ದು, ಅದಕ್ಕಿಂತ ಜೋರಾಗಿ ಬೈಗುಳದ ಸದ್ದು.

"ನಿನ್ನ ಸೀಟಿಗಿ ಬೆಂಕಿ ಹಚ್ಚಲಿ!"

"ಏ ಮಾಸ್ತರಾ, ಹೋದ ಹಬ್ಬಕ್ಕ ನಿನ್ನ ಹೇಣ್ತಿ ಬಂದಾಗ ಇಲ್ಲೇ ನನ್ನ ಮಗ್ಗಲ ಕುಂತಿದ್ಳು. ಅಕಿ ಹೆಸರ ಮೊದಲ ಬರ್ಕೋ!"

ಹೆಡ್ ಮಾಸ್ತರ ಬೆನ್ನು ಕುಗ್ಗಿದ್ದು ನನಗೆ ಹಿಂದಿನಿಂದ ಕಂಡಿತು.

ಎಲ್ಲರೂ ಸೀರೆ ಸರಿಮಾಡಿಕೊಂಡು ಚದುರಿಹೋದ ಮೇಲೆ ನಾನು ಇನ್ನೂ ಮುಂದೆ ಹೋದೆ. ಜಾಲಿ ಮುಗಿಯುವಲ್ಲಿ ಹಳೇ ಫರ್ಸಿ ಖಣಿ ಇದೆ. ಕಲ್ಲು ಮುಗಿದ ಮೇಲೆ ಧಣಿಗಳು ಬಿಟ್ಟುಹೋದ ತಗ್ಗು. ಈಗ ತುಂಬ ನೀರು ನಿಂತು, ದಂಡೆಗೆ ಆಪು ಹುಲ್ಲು ಬೆಳೆದು, ಒಂದು ಕೆರೆಯೇ ಆಗಿದೆ. ಅದರ ಅಂಚಿನ ಚಪ್ಪಡಿಯ ಮೇಲೆ ದೊಡ್ಡವ್ವ ಕುಳಿತಿದ್ದಳು. ಗಮನಿಸಿ, ಕುಕ್ಕರುಗಾಲಲ್ಲಿ ಅಲ್ಲ. ಪುರಾಣ ಕೇಳುವವರ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು. ಮಗ್ಗುಲಲ್ಲಿ ತಂಬಿಗಿ. ತಂಬಿಗಿಯ ತುಂಬ ನೀರು, ತಂದ ಹಾಗೇ ಇತ್ತು.

"ದೊಡ್ಡವ್ವಾ! ಏನ್ ಮಾಡ್ಲಿಕತ್ತಿ ಇಲ್ಲಿ?"

ಅವಳು ಬೆರಳನ್ನು ತುಟಿಗೆ ಇಟ್ಟಳು. "ಶ್! ಮೊದಲ ಆ ಸೀಟಿ ಬಂದ್ ಮಾಡ್ಸು. ಅದು ಮುಳುಗಿಬಿಡ್ತು ನೋಡು."

"ಏನು ಮುಳುಗ್ತು?"

"ಆ ಸಣ್ಣ ಕಂದು ಹಕ್ಕಿ. ಮರಿ ಬೆನ್ನ ಮ್ಯಾಲ ಕುಂದರಸ್ಕೊಂಡು ಈಜ್ತದ. ಮುಳುಗೋ ಮುಂದ ಆ ಮರಿ ಎಲ್ಲಿ ಹೋಗ್ತದ ಅಂತ ಎಷ್ಟೋ ದಿನದಿಂದ ನೋಡ್ಲಿಕತ್ತೀನಿ. ಇನ್ನೂ ಗೊತ್ತಾಗವಲ್ದು."

ಹರಳೆಣ್ಣೆ, ಇಸಬಗೋಲ, ಶಹಾಬಾದಿನ ಡಾಕ್ಟರು, ಊರಿಗೆಲ್ಲ ಗೊತ್ತಿದ್ದ ಮೂಲವ್ಯಾಧಿ... ಎಲ್ಲ ಒಂದು ಹಕ್ಕಿ ಮರಿಯ ಸಲುವಾಗಿ! ಅಷ್ಟರಲ್ಲಿ ಜಾಲಿಯ ಆಚೆಯಿಂದ ಹೆಡ್ ಮಾಸ್ತರ ದನಿ ಬಂತು: "ಟೀಚರ್, ಇನ್ನೂ ಯಾರ್ರೀ ಅಲ್ಲಿ? ಹೆಸರ ಹೇಳ್ರಿ!"

"ಹಕ್ಕಿ ನೋಡ್ಲಿಕ್ಕ ಬಂದಾಳ ಅಂತ ಹೇಳ್ತೀನಿ. ನಿನ್ನನ್ನ ಬಿಟ್ಟುಬಿಡ್ತಾರ" ಎಂದೆ.

ದೊಡ್ಡವ್ವ ಹೆದರಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವತ್ತು ಕಂಡೆ. ನನ್ನ ಕೈ ಗಟ್ಟಿಯಾಗಿ ಹಿಡಿದು, "ಖಬರದಾರ್! ಸಂಡಾಸಕ್ಕ ಕುಂತಿದ್ಳು ಅಂತ ಹೇಳು" ಎಂದಳು.

"ಮರ್ಯಾದಿ ಹೋಗ್ತದಲ್ಲ, ದೊಡ್ಡವ್ವ! ಕಟ್ಟಿ ಮ್ಯಾಲ ನಿಂದರಸ್ತಾರ."

"ನಿಂದರಸ್ಲಿ. ಹೊಟ್ಟಿ ಎಲ್ಲರಿಗೂ ಅದ. ಹಕ್ಕಿ ನೋಡ್ತಾಳ ಅಂದ್ರ ಹುಚ್ಚು ಹಿಡದದ ಅಂತಾರ. ನಾಳಿಗಿ ಮನಿ ಬಿಟ್ಟು ಹೊರಗ ಬಿಡಂಗಿಲ್ಲ."

ಹಾಗೆ ನನ್ನ ದೊಡ್ಡವ್ವನ ಹೆಸರು ತಪ್ಪಿತಸ್ಥರ ಸಾಲಿನಲ್ಲಿ ಸೇರಿತು. ಸಿಕ್ಕಿಬಿದ್ದವರಿಗೆ ಪಂಚಾಯಿತಿ ಕಟ್ಟೆಯ ಮೇಲೆ ಚೆಂಡು ಹೂವಿನ ಹಾರ ಹಾಕಿ, ಚಪ್ಪಾಳೆ ತಟ್ಟಿ ನಾಚಿಸುವ ಪದ್ಧತಿ. ಬೇರೆ ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡು ನಿಂತರು, ಒಬ್ಬಳು ಅತ್ತೂಬಿಟ್ಟಳು. ದೊಡ್ಡವ್ವ ಮಾತ್ರ ಕುತ್ತಿಗೆ ಮುಂದೆ ಚಾಚಿ ಹಾರ ಹಾಕಿಸಿಕೊಂಡಳು. ಮನೆಗೆ ಬರುವಾಗ ಹೂ ಮೂಸಿ ನೋಡುತ್ತ ಅಂದಳು: "ಮದವಿ ಆದಮ್ಯಾಲ ಇದೇ ಮೊದಲ ಹಾರ ನೋಡವಾ. ಇನ್ನೊಂದು ಫೋಟೋಕ್ಕ ಹಾಕ್ತಾರ. ಅದು ನನಗ ಕಾಣಂಗಿಲ್ಲ."

ಆಮೇಲೆ ಶಾಲೆ ಬಿಟ್ಟ ಮೇಲೆ ಅಡುಗೆ ಮನೆಯಲ್ಲಿ ನನ್ನೊಬ್ಬಳಿಗೇ ಎಲ್ಲ ಹೇಳುತ್ತಿದ್ದಳು. ಹಕ್ಕಿಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶಾಲೆಯ ಗೋಡೆಯಲ್ಲಿದ್ದ ಪಕ್ಷಿಗಳ ಪಟ ತೋರಿಸಿದೆ. "ಇವ್ಯಾವೂ ನಮ್ಮವಲ್ಲ, ಇಷ್ಟ ಸ್ವಚ್ಛ ಇರಂಗಿಲ್ಲ ಅವು" ಎಂದು ಪಟದ ಮೇಲೆ ಒಮ್ಮೆ ಕಣ್ಣಾಡಿಸಿ ಮುಖ ತಿರುಗಿಸಿದಳು. ಕಾರ್ಖಾನೆಯ ಸಿಮೆಂಟಿನ ಧೂಳು ಕೂತ ಹಕ್ಕಿಗಳನ್ನೇ ನೋಡಿದವಳು! ಅವಳು ಗುರುತಿಟ್ಟದ್ದು ನೆಂಟರಿಷ್ಟರ ಲೆಕ್ಕದಲ್ಲಿ. ಯಾರೇ ಹತ್ತಿರ ಬಂದರೂ ಊರಿಗೆಲ್ಲ ಕೇಳುವ ಹಾಗೆ ಚೀರುವ ಟಿಟ್ಟಿಭ ಎಂದರೆ "ನಿಮ್ಮವ್ವ". ನೀರಂಚಿನಲ್ಲಿ ಕೊರಳು ಒಳಗೆಳೆದುಕೊಂಡು, ಇಡೀ ದಿನ ಅಲ್ಲಾಡದೆ ಕೂತು, ಬಾಯಿ ಹತ್ತಿರ ಮೀನು ಬಂದಾಗ ಮಾತ್ರ ಜೀವ ಬರುವ ಬೂದು ಬಕ "ನಿಮ್ಮ ದೊಡ್ಡಪ್ಪ". ನಾನು ಯಾವ ಹಕ್ಕಿ ಎಂದು ಕೇಳಿದೆ. "ನೀ ಎಲ್ಲಿ ಕುಂದರ್ತಿ, ನೋಡ್ಲಿಕ್ಕ?" ಎಂದಳು.

ದೊಡ್ಡಪ್ಪನ ಹೋಲಿಕೆ ಸುಳ್ಳೇನಲ್ಲ. ಅವರು ಜೀವಮಾನವೆಲ್ಲ ಬಸ್ ಸ್ಟ್ಯಾಂಡಿನ ಹೋಟೆಲಿನ ಬೆಂಚಿನ ಮೇಲೆ ಕೂತು, ಕಾಳಗಿಗೆ ಹೋಗುವ ಬಸ್ಸು ಹೋದದ್ದು, ಸೇಡಂನಿಂದ ಬರುವ ಬಸ್ಸು ಬಂದದ್ದು ನೋಡಿದವರು. ಹತ್ತಲಿಲ್ಲ, ಇಳಿಯಲಿಲ್ಲ, ಬರೀ ನೋಡಿದರು. ಅವರಿಗೆ ಯಾರಾದರೂ ಹರಳೆಣ್ಣೆ ಕೊಟ್ಟರೇ? ಗಂಡಸು ಸುಮ್ಮನೆ ಕೂತರೆ ಅದು ಕೂತದ್ದು. ಹೆಂಗಸು ಸುಮ್ಮನೆ ಕೂತರೆ ಅದಕ್ಕೊಂದು ಕಾರಣ ಬೇಕು, ಕಾರಣ ಇಲ್ಲದಿದ್ದರೆ ರೋಗ ಬೇಕು. ನಮ್ಮೂರಲ್ಲಿ ಗಂಡಸರ ಕಣ್ಣು ಬೀಳದ ಜಾಗ ಎಂದರೆ ಹೆಂಗಸರ ಬಯಲೊಂದೇ. ದೊಡ್ಡವ್ವ ಮದುವೆಯಾಗಿ ಬಂದಂದಿನಿಂದ ತನ್ನ ಪಾಲಿಗೆ ಅಂತ ಗಳಿಸಿಕೊಂಡದ್ದು ಆ ಜಾಗದ ಆ ಒಂದು ಬೆಳಗಿನ ಹೊತ್ತು. ಅದಕ್ಕಿದ್ದ ಪಾಸು ತಂಬಿಗಿ.

ಆ ಪಾಸನ್ನು ಕಿತ್ತುಕೊಂಡವನು ಅವಳ ಸ್ವಂತ ಮಗ, ಅದೂ ಅತ್ಯಂತ ಪ್ರೀತಿಯಿಂದ!

ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮಣ್ಣನಿಗೆ, ಅವ್ವನಿಗೆ ಹಾರ ಹಾಕಿದ ಸುದ್ದಿ ಕೇಳಿ ಊಟ ಸೇರಲಿಲ್ಲ. ರಜೆ ಹಾಕಿ ಅಂಗಳದಲ್ಲೇ ಪಾಯಖಾನೆ ಕಟ್ಟಿಸಿದ. ಬಿಳೀ ಟೈಲ್ಸು, ಒಳಗೆ ನಳ, ಬಣ್ಣ ಬಳಿದ ಬಾಗಿಲು. ಪೂಜೆಯೂ ಆಯಿತು, ತೆಂಗಿನಕಾಯಿ ಒಡೆದು. "ಅವ್ವಾ, ಇನ್ನ ನೀ ಬಯಲಕಡಿ ಕಾಲಿಡಬಾರ್ದು" ಎಂದು ತಂಬಿಗಿ ಇಸಿದುಕೊಂಡು ಅಟ್ಟಕ್ಕೆ ಎಸೆದ.

ಪಾಯಖಾನೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಸ್ಪಷ್ಟ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕೆಸರಿನಲ್ಲಿ, ಹಾವಿನ ಭಯದಲ್ಲಿ, ಕತ್ತಲಾಗಲಿ ಎಂದು ಹೊಟ್ಟೆ ಹಿಡಿದು ಕಾದು ಬೆಳೆದವಳು ನಾನು. ಬಯಲು ಚಂದ ಎಂದು ಬರೆಯುವವರು ಬಂದು ಒಂದು ಆಷಾಢ ಅಲ್ಲಿ ಕಳೆಯಲಿ, ಆಮೇಲೆ ಮಾತಾಡೋಣ. ನನ್ನ ಸಿಟ್ಟು ಬೇರೆ. ಗ್ಯಾಸ್ ಬಂತು, ಕಟ್ಟಿಗೆಗೆ ಹೋಗುವ ನೆಪ ಹೋಯಿತು. ನಳ ಬಂತು, ಹೊಳೆಗೆ ಹೋಗುವ ನೆಪ ಹೋಯಿತು. ಪಾಯಖಾನೆ ಬಂತು, ಉಳಿದ ಒಂದೂ ಹೋಯಿತು. ಒಳ್ಳೆಯದು ಒಂದೊಂದಾಗಿ ಮನೆ ಹೊಕ್ಕಿತು. ಹೆಂಗಸು ಹೊರಗೆ ಬರುವ ಬಾಗಿಲು ಒಂದೊಂದಾಗಿ ಮುಚ್ಚಿತು. ಸವಲತ್ತು ಕೊಟ್ಟವರು, ನೀವು ಹೊರಗೆ ಹೋಗಿ ಇನ್ನೇನು ಮಾಡುತ್ತಿದ್ದಿರಿ ಎಂದು ಒಬ್ಬಳನ್ನಾದರೂ ಕೇಳಿದರೇ?

ದೊಡ್ಡವ್ವ ಸುಲಭಕ್ಕೆ ಬಿಟ್ಟುಕೊಡಲಿಲ್ಲ. "ಬಾಗಲ ಹಾಕಿದ್ರ ನನಗ ಆಗಂಗಿಲ್ಲಪ್ಪಾ" ಎಂದಳು. ಮಗ ಬಾಗಿಲಿನ ಬದಲು ಪರದೆ ಹಾಕಿಸುತ್ತೇನೆ ಎಂದ. "ಟೈಲ್ಸ್ ಮ್ಯಾಲ ಕಾಲು ಜಾರ್ತದ" ಎಂದಳು. ರಬ್ಬರಿನ ಚಾಪೆ ಬಂತು. ಇಂಥ ಒಳ್ಳೆಯ ಮಗನನ್ನು ಕಟ್ಟಿಕೊಂಡು ಏನು ಮಾಡುವುದು?

ಆಮೇಲೆ ಹೊಸ ತಾಪತ್ರಯ ಶುರುವಾಯಿತು. ದೊಡ್ಡವ್ವ ಬೆಳಿಗ್ಗೆ ಪಾಯಖಾನೆ ಹೊಕ್ಕರೆ ಹೊರಗೇ ಬರುತ್ತಿರಲಿಲ್ಲ! ರಸ್ತೆಯಲ್ಲಿ ಶಿಫ್ಟ್ ಬಸ್ಸು ಹಾರ್ನ್ ಹೊಡೆಯುತ್ತಿದೆ, ಅಂಗಳದಲ್ಲಿ ಮಗ ಬಕೀಟು ಹಿಡಿದು ಕುಣಿಯುತ್ತಿದ್ದಾನೆ, "ಅವ್ವಾ, ನನ್ನ ಹಾಜರಿ ಹೋಗ್ತದ!" ಎಂದು ಬಾಗಿಲು ಬಡಿಯುತ್ತಿದ್ದಾನೆ. ಅವನು ಕೊನೆಗೆ ತಡೆಯಲಾರದೆ, ತಾನೇ ಅಟ್ಟದಿಂದ ತಂಬಿಗಿ ಇಳಿಸಿಕೊಂಡು ಜಾಲಿ ಗಿಡದ ಕಡೆಗೆ ಓಡಿದ್ದೂ ಉಂಟು! ಊರಿಗೆಲ್ಲ ಸುದ್ದಿ: ದೊಡ್ಡವ್ವನ ಮೂಲವ್ಯಾಧಿ ಜಾಸ್ತಿ ಆಗಿದೆ.

ಏನು ಮಾಡುತ್ತಿ ಒಳಗೆ ಎಂದು ಕೇಳಿದೆ ನಾನು. ಮೇಲೆ ಗಾಳಿಗೆ ಬಿಟ್ಟ ಒಂದು ಕಿಂಡಿ ಇದೆಯಂತೆ. ಅದರಿಂದ ಅಂಗೈಯಷ್ಟು ಆಕಾಶ, ಒಂದು ಗೇಣು ಕರೆಂಟಿನ ತಂತಿ ಕಾಣುತ್ತದಂತೆ.

"ಒಂದು ಕಾಗಿ ಬಂದು ಕುಂದರ್ತದವಾ" ಎಂದಳು. ತೊಳೆದ ಪಾತ್ರೆ ಮಗುಚಿಟ್ಟು, "ದಿನಾ ಅದೇ ಕಾಗಿ" ಎಂದಳು.

ಆ ಚಳಿಗಾಲದಲ್ಲಿ ಕಲಬುರಗಿಯಿಂದ ಒಂದು ಜೀಪು ಬಂತು. ಮಾರುದ್ದದ ಕ್ಯಾಮೆರಾ ಹಿಡಿದ ಒಂದಷ್ಟು ಜನ. ಅದೇ ಹಳೇ ಖಣಿಗೆ, ಅವೇ ಹಕ್ಕಿಗಳನ್ನು ನೋಡಲು. ಊರೇ ಎದ್ದು ನಿಂತಿತು! ದೊಡ್ಡಪ್ಪ ಬೆಂಚು ಬಿಟ್ಟು ಎದ್ದು, ತಾವೇ ದಾರಿ ತೋರಿಸಿಕೊಂಡು ಹೋದರು. "ಭಾಳ ಓದಿದ ಮಂದಿ! ಹಕ್ಕಿ ನೋಡ್ಲಿಕ್ಕ ಇಷ್ಟು ದೂರ ಬಂದಾರ!" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಇದೇ ದೊಡ್ಡಪ್ಪ ಹಿಂದೊಮ್ಮೆ ನಾನು ಮಾತಿಗೆ ತೆಗೆದಾಗ, "ಹಕ್ಕಿ ನೋಡೋದು ಅಂದ್ರೇನು? ಮನ್ಯಾಗ ಕೋಳಿ ಇಲ್ಲೇನು?" ಎಂದು ಕೇಳಿದ್ದವರು. ಬಂದವರಿಗೆ ಚಹಾ ಆಗಬೇಕೆಂದು ಮನೆಗೆ ಹೇಳಿ ಕಳಿಸಿದರು. ಕಿಟಲಿ ಹಿಡಿದು ಹೊರಟವಳು ದೊಡ್ಡವ್ವ. ಸೊಸೆ ತಾನು ಹೋಗುತ್ತೇನೆ ಎಂದರೂ ಬಿಡದೆ, ಬಿಸಿ ಕಿಟಲಿ ಕಸಿದುಕೊಂಡು, ಕಾಲಿಗೆ ಚಪ್ಪಲಿ ಹಾಕುವುದನ್ನೂ ಮರೆತು ಹೋದಳು.

ಎಷ್ಟೋ ತಿಂಗಳ ಮೇಲೆ ಖಣಿ ಕಂಡಿತ್ತು ಅವಳಿಗೆ. ಚಹಾ ಕೊಟ್ಟು, ತನ್ನ ಚಪ್ಪಡಿಯ ಮೇಲೆ ಕೂತಳು. ಕ್ಯಾಮೆರಾದವರಲ್ಲಿ ಒಬ್ಬ ಬಂದು ಬಹಳ ಮರ್ಯಾದೆಯಿಂದಲೇ ಹೇಳಿದನಂತೆ: "ಅಜ್ಜೀ, ಸ್ವಲ್ಪ ಆ ಕಡೆ ಹೋಗಿ ಕೂತ್ಕೊಳ್ಳಿ. ನಿಮ್ಮನ್ನು ನೋಡಿದರೆ ಹಕ್ಕಿಗಳು ಹೆದರ್ತಾವೆ."

ದೊಡ್ಡವ್ವ ಎದ್ದಳು. ಖಾಲಿ ಕಿಟಲಿ ಹಿಡಿದು ಮನೆಗೆ ಬಂದಳು. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ, ಬಿ.ಎ.ಯಲ್ಲಿ ಓದಿದ ದೊಡ್ಡ ದೊಡ್ಡ ಮಾತೆಲ್ಲ ನಾಲಿಗೆಗೆ ಬಂದಿತ್ತು. ಅವಳಿಗೆ ಸಿಟ್ಟೇ ಇರಲಿಲ್ಲ. ಕಿಟಲಿ ತೊಳೆಯುತ್ತ ಕನಿಕರದಿಂದ ಅಂದಳು:

"ಪಾಪ, ಅವರ ಮನ್ಯಾಗ ಪಾಯಖಾನಿ ಕಟ್ಟಿಸ್ಯಾರೋ ಇಲ್ಲೋ. ಗಂಡಸರಾದ್ರೂ ಇಷ್ಟು ದೂರ ಬರಬೇಕಾಗ್ಯದ."

ನಾನು ನಕ್ಕೆ. ಅವಳು ಹಾಸ್ಯ ಮಾಡಿರಲಿಲ್ಲ. ಹಕ್ಕಿ ನೋಡಬೇಕೆಂದೇ ಹೊರಟು, ಹಕ್ಕಿ ನೋಡಲು ಹೊರಟಿದ್ದೇವೆ ಎಂದು ಹೇಳಿಕೊಂಡು, ನೋಡಿ ಬರಬಹುದು ಎಂಬುದೇ ಅವಳ ತಲೆಗೆ ಹೋಗಿರಲಿಲ್ಲ. ಅಂದೇ ನಿಶ್ಚಯ ಮಾಡಿದೆ. ಇವಳಿಗೆ ಇನ್ನೊಂದು ಪಾಸು ಮಾಡಿಸಿಕೊಡಬೇಕು.

ದಾರಿ ಕಂಡದ್ದು ವಾಡಿಯಲ್ಲಿ. ನಮ್ಮ ಕ್ವಾರ್ಟರ್ಸಿನ ರಸ್ತೆಯಲ್ಲಿ ಬೆಳಿಗ್ಗೆ ಹೆಂಗಸರ ಒಂದು ಮೆರವಣಿಗೆಯೇ ಹೊರಡುತ್ತದೆ. ಸೀರೆ ಮೇಲೆ ಸ್ವೆಟರು, ಸೀರೆ ಕೆಳಗೆ ಬೂಟು. ವಾಕಿಂಗು! ಯಾವ ಗಂಡನೂ ಎಲ್ಲಿಗೆ ಎನ್ನುವುದಿಲ್ಲ, ಯಾವ ಅತ್ತೆಯೂ ಒಲೆಯ ಮೇಲೆ ಹಾಲು ಇದೆ ಎನ್ನುವುದಿಲ್ಲ. ಯಾಕೆ? ಎಲ್ಲರಿಗೂ ಶುಗರ್ ಇದೆ! ಶುಗರ್ ಇರುವ ಹೆಂಗಸು ಸಾಕ್ಷಾತ್ ಸರ್ಕಾರಿ ನೌಕರಳಿದ್ದ ಹಾಗೆ. ಅವಳ ಹೊತ್ತನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

"ದೊಡ್ಡವ್ವ ಭಾಳ ಸೊರಗ್ಯಾಳ. ರಕ್ತ ತೋರಸ್ಕೊಂಡ ಬರ್ತೀನಿ" ಎಂದು ಅಣ್ಣನಿಗೆ ಹೇಳಿ ಅವಳನ್ನು ವಾಡಿಗೆ ಕರೆದುಕೊಂಡು ಬಂದೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದೆವು. ಪ್ಲಾಟ್‌ಫಾರ್ಮಿನ ತಗಡಿನಲ್ಲಿ ಗೂಡು ಕಟ್ಟಿದ ಪಾರಿವಾಳಗಳನ್ನು ಅವಳು ಮನಸಾರೆ ನೋಡಿದಳು. ಅವಳ ಶುಗರ್ ಖಾಯಂ ಆದದ್ದು ಬಿಸಿ ಜಿಲೇಬಿ ತಿನ್ನುತ್ತ! ಸಂಜೆ ಊರಿಗೆ ಬಂದು, ಮುಖ ಸಣ್ಣದು ಮಾಡಿಕೊಂಡು ಸಾರಿದೆ: ಶುಗರ್ ಬಂದಿದೆ, ಗುಳಿಗೆ ಸದ್ಯಕ್ಕೆ ಬೇಡ, ದಿನಾ ಬೆಳಿಗ್ಗೆ ಗಿಡಮರ ಇರುವ ಕಡೆ, ಗಾಡಿ ಓಡಾಡದ ಕಡೆ, ನೀರಿನ ಗಾಳಿ ಇದ್ದರೆ ಇನ್ನೂ ಒಳ್ಳೆಯದು, ಹೊತ್ತು ಏರುವ ತನಕ ತಿರುಗಾಡಬೇಕು.

"ಪೇಪರ್ ಕೊಟ್ಟಿಲ್ಲೇನು?" ಎಂದ ಅಣ್ಣ.

"ಎಲ್ಲಾ ಕಂಪ್ಯೂಟರ್‌ನಾಗ ಇರ್ತದ ಈಗ" ಎಂದೆ. ದೊಡ್ಡಪ್ಪ ಅಲ್ಲಿಂದಲೇ ಮಗನನ್ನು ಗದರಿದರು: "ಸುಮ್ಕಿರು. ಓದಿದಾಕಿ ಹೇಳ್ಲಿಕತ್ತಾಳ."

ಓದಿದಾಕಿ ಸುಳ್ಳು ಹೇಳಬಾರದು ಎನ್ನುತ್ತೀರಾ? ಓದದೆ ಇದ್ದವರು ಹೇಳಿದರೆ ಯಾರು ನಂಬುತ್ತಾರೆ, ಸ್ವಾಮಿ! ಪ್ಯಾಸೆಂಜರ್ ಗಾಡಿಯಲ್ಲಿ ನಿಂತು ಪಡೆದ ಆ ಡಿಗ್ರಿಯಿಂದ ನಮ್ಮ ಮನೆತನದ ಒಂದು ಹೆಣ್ಣು ಜೀವಕ್ಕೆ ನೇರವಾಗಿ ಆದ ಉಪಕಾರ ಅಂತ ಇದ್ದರೆ ಅದು ಆ ಸಂಜೆಯದೇ.

ಮಾರನೇ ದಿನ ಅಣ್ಣ ಅವ್ವನಿಗೆ ಬಿಳೀ ಬೂಟು ತಂದ. ಯಾವ ಹೆಂಗಸು ಬಯಲಿಗೆ ಕಾಲಿಟ್ಟರೆ ಮರ್ಯಾದೆ ಹೋಗುತ್ತಿತ್ತೋ, ಅದೇ ಹೆಂಗಸು ಈಗ ಊರ ನಡು ರಸ್ತೆಯಲ್ಲಿ, ಪಂಚಾಯಿತಿ ಕಟ್ಟೆಯ ಮುಂದೆ, ಟಕಟಕ ಬೂಟು ಸದ್ದು ಮಾಡುತ್ತ ಖಣಿಗೆ ಹೋಗುತ್ತಾಳೆ. ಹೆಡ್ ಮಾಸ್ತರು ಎದುರು ಸಿಕ್ಕರೆ, "ಶುಗರ್ ಏನ್ರೀ? ಹೋಗ್ರಿ ಹೋಗ್ರಿ, ಛಲೋ ತಿರಗಾಡ್ರಿ" ಎನ್ನುತ್ತಾರೆ. ಅದೇ ದಾರಿ, ಅದೇ ಹೊತ್ತು, ಅದೇ ಚಪ್ಪಡಿ! ಚಳಿಗೆ ಒಂದು ದಿನ ಅವಳು ಮುಸುಕು ಹೊದ್ದು ಮಲಗಿದರೆ ದೊಡ್ಡಪ್ಪನೇ ಕೂಗುತ್ತಾರೆ: "ಏ, ಏಳು! ವಾಕಿಂಗ್ ಹೋಗು! ಶುಗರ್ ಏರ್ತದ!" ಇಷ್ಟು ವರ್ಷ ಅವಳು ಎಲ್ಲಿದ್ದಾಳೆಂದು ಕೇಳದ ಮನುಷ್ಯ ಈಗ ಅವಳನ್ನು ಹೊರಗೆ ಅಟ್ಟುತ್ತಾರೆ. ಹೆಂಡತಿಯ ಮಾತಿಗೆ ಇಲ್ಲದ ಬೆಲೆ ಅವಳ ರೋಗಕ್ಕೆ ಇದೆ.

ಆದರೆ ಯಾವ ಪಾಸೂ ಪುಕ್ಕಟೆ ಸಿಗುವುದಿಲ್ಲ. ಅವಳ ಚಹಾದ ಸಕ್ಕರೆ ನಿಂತಿತು. ಸೊಸೆ ಬೆಲ್ಲದ ಡಬ್ಬಿಗೆ ಕಾವಲು ಕೂತಳು. ಮಗ ಮೊಬೈಲಿನಲ್ಲಿ ನೋಡಿ ನೋಡಿ ಕಲಿತು, ದಿನಾ ಬೆಳಿಗ್ಗೆ ಹಸಿ ಹಾಗಲಕಾಯಿ ಅರೆದು ಒಂದು ವಾಟಗ ರಸ ಮಾಡಿ, ಎದುರಿಗೆ ನಿಂತು ಕುಡಿಸುತ್ತಾನೆ. ನನ್ನವ್ವನಂತೂ ನೆಗೆಣ್ಣಿಯ ಪ್ರೀತಿಗೆ ಬೇವಿನ ಚಿಗುರು ಕುಟ್ಟಿ ಉಂಡೆ ಮಾಡಿ ಗೋಡೆಯ ಮೇಲಿನಿಂದ ದಾಟಿಸುತ್ತಾಳೆ. ಎರಡು ಚಮಚ ಸಕ್ಕರೆ ಇಲ್ಲದೆ ಚಹಾ ಮುಟ್ಟದಿದ್ದ ಹೆಂಗಸು! ಹಬ್ಬದಲ್ಲಿ ಎಲ್ಲರ ತಾಟಿಗೂ ಹೋಳಿಗೆ ಬಿದ್ದರೆ ಇವಳ ತಾಟಿಗೆ ಒಣ ರೊಟ್ಟಿ. ಮೊಮ್ಮಕ್ಕಳು, "ಆಯಿ, ನಿನಗ ಸೀ ಬ್ಯಾಡ, ಸಾಯ್ತಿ!" ಎಂದು ಕಿರುಚುತ್ತಾರೆ. ದೊಡ್ಡವ್ವ ಕಣ್ಣು ಮುಚ್ಚಿ, ಮೂಗು ಹಿಡಿದು, ಹಾಗಲಕಾಯಿ ಕುಡಿದು, ಬೂಟು ಹಾಕಿಕೊಂಡು ಹೊರಡುತ್ತಾಳೆ. ಸುಳ್ಳು ಹೇಳಿದವಳು ನಾನು. ಕಹಿ ಕುಡಿಯುವವಳು ಅವಳು. "ಬ್ಯಾಡ ಬಿಡು ದೊಡ್ಡವ್ವ, ಶುಗರ್ ಹೋಯ್ತು ಅಂತ ಹೇಳಿಬಿಡ್ತೀನಿ" ಎಂದೆ ಒಮ್ಮೆ. "ಹುಚ್ಚೇನ ನಿನಗ? ಭಾಳ ಛಲೋ ರೋಗ ಅದ ಇದು" ಎಂದಳು, ತುಟಿ ಒರೆಸಿಕೊಳ್ಳುತ್ತ.

ಈ ಸಲದ ಎಳ್ಳಮವಾಸ್ಯೆಗೆ ತವರಿಗೆ ಬಂದಿದ್ದೆ. ಹಬ್ಬದ ಮಾರನೇ ದಿನ ಬೆಳಿಗ್ಗೆ ನಾನೂ ಅವಳ ಜೊತೆ ಹೊರಟೆ. ಸೆರಗಿನ ಒಳಗೆ, ಯಾರಿಗೂ ಕಾಣದ ಹಾಗೆ, ಒಂದು ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆ.

ಖಣಿಯ ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಎಲ್ಲಿಂದಲೋ ಬಂದ ಬಾತುಗಳ ಹಿಂಡು ನಡುನೀರಿನಲ್ಲಿ ನಿದ್ದೆ ಮಾಡುತ್ತಿತ್ತು. ಆಚೆ ದಂಡೆಯಲ್ಲಿ ಒಂದು ಮುಂಗುಸಿ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಏನೋ ಹುಡುಕುತ್ತಿತ್ತು. ದೂರದಲ್ಲಿ ವಾಡಿಗೆ ಹೋಗುವ ಗೂಡ್ಸ್ ಗಾಡಿ. ದೊಡ್ಡವ್ವ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ನಾನೂ ಕೂತೆ. ಕೂತರೂ ಕೂತ ಹಾಗೆ ಅನ್ನಿಸಲಿಲ್ಲ. ಎಷ್ಟು ಹೊತ್ತಾಯಿತು ಎಂದು ಮೊಬೈಲು ನೋಡಿದೆ. ಟಂಟಂ ಎಷ್ಟಕ್ಕೆ ಸಿಗುತ್ತದೆ ಎಂದು ಯೋಚಿಸಿದೆ. ಶಾಲೆಯ ಉತ್ತರಪತ್ರಿಕೆ, ಹುಡುಗರ ಡಬ್ಬಿ, ಅತ್ತೆಯ ಗುಳಿಗೆ. ಮತ್ತೆ ಮೊಬೈಲು ನೋಡಿದೆ. ಅದು ಕಾಯುತ್ತಿದ್ದ ಹಾಗೆ ಹೊಡೆದುಕೊಂಡಿತು. ನನ್ನ ಗಂಡ.

"ಎಲ್ಲಿದ್ದಿ?"

"ಇಲ್ಲೇ ಊರಾಗ. ದೊಡ್ಡವ್ವಗ ವಾಕಿಂಗ್ ಮಾಡಸ್ಲಿಕ್ಕ ಬಂದೀನಿ. ಹಿರೇ ಜೀವ, ಶುಗರ್ ಬ್ಯಾರೆ. ಒಬ್ಬಾಕಿನ್ನ ಹೆಂಗ ಬಿಡೋದು?"

"ಜಲ್ದಿ ಬಂದ್ಬಿಡು. ಹುಡುಗರ ಡ್ರೆಸ್ ಇಸ್ತ್ರಿ ಆಗಿಲ್ಲ."

"ಹೂಂ, ಬಂದೆ" ಎಂದು ಇಟ್ಟೆ. ಹಕ್ಕಿ ನೋಡುತ್ತ ಕೂತಿದ್ದೇನೆ ಎನ್ನಲು ನನ್ನ ಬಿ.ಎ.ಗೂ ಬಾಯಿ ಬಂದಿರಲಿಲ್ಲ.

ತಲೆ ಎತ್ತಿದರೆ ದೊಡ್ಡವ್ವ ನೀರು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಆ ಖಣಿಯ ದಂಡೆಯಲ್ಲಿ ಅವಳು ಮನುಷ್ಯರ ಕಡೆ ಹಾಗೆ ತಿರುಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ಬಾತುಗಳು ಎದ್ದು ಸರ್ರನೆ ನೀರು ಹಾರಿಸಿಕೊಂಡು ಮೇಲೆ ಹೋದವು. ಅವಳು ಆ ಕಡೆ ಕಣ್ಣೂ ಹಾಯಿಸಲಿಲ್ಲ. ಕಲ್ಲಿನಂಥ ಅಂಗೈಯಿಂದ ನನ್ನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

"ಯವ್ವಾ, ನಿನಗ ಯಾವ ರೋಗ ಹಚ್ಚೋಣು?"

ನಾನು ನಗಲು ಹೋದೆ. ಅವಳು ನಗುತ್ತಿರಲಿಲ್ಲ. ಹಬ್ಬಕ್ಕೆ ಮಗಳಿಗೆ ಸೀರೆ ಆರಿಸುವ ತಾಯಿಯ ಹಾಗೆ ಯೋಚನೆ ಮಾಡುತ್ತಿದ್ದಳು.

"ಶುಗರ್ ಬ್ಯಾಡ. ನಿನಗ ಆ ಕಹಿ ಕುಡೀಲಿಕ್ಕ ಆಗಂಗಿಲ್ಲ" ಎಂದು ನನ್ನ ಸೆರಗಿನ ಗಂಟು ತಾನೇ ಬಿಚ್ಚಿ, ಹೋಳಿಗೆ ಮುರಿದು, ದೊಡ್ಡ ತುಂಡನ್ನು ನನ್ನ ಕೈಯಲ್ಲಿಟ್ಟಳು. "ಬಿ.ಪಿ. ಹಚ್ಚೋಣು. ಬಿ.ಪಿ.ಗಿ ಸೀ ನಡೀತದ."